ಅಳತೆಗೋಲು ಎಲ್ಲಿದೆ? ಅಮೆರಿಕ ಮತ್ತು ಕೆನಡಾದ ರಾಷ್ಟ್ರಾಭಿಮಾನ, ಆತ್ಮವಿಮರ್ಶೆ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಅಮೆರಿಕನ್ನರು ತಮ್ಮ ದೇಶವನ್ನು ಗಟ್ಟಿಯಾಗಿ ಹೊಗಳಿಕೊಳ್ಳುವವರು, ಕೆನಡಿಯನ್ನರು ಸಂಕೋಚದ ಜನ, ತಮ್ಮ ತಪ್ಪನ್ನು ತಾವೇ ಎತ್ತಿ ಆಡಿಕೊಳ್ಳುವವರು ಎಂಬ ಮಾತು ಎರಡೂ ದೇಶಗಳಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಇದರೊಳಗೆ ಎರಡು ಬೇರೆ ಹೇಳಿಕೆಗಳು ಸೇರಿಕೊಂಡಿವೆ. ಅಭಿಮಾನದ ಪ್ರಮಾಣದಲ್ಲಿ ಈ ಇಬ್ಬರ ನಡುವೆ ದೊಡ್ಡ ಅಂತರವಿದೆ ಎಂಬುದು ಒಂದು. ಅಭಿಮಾನ ಕಡಿಮೆಯಿದ್ದಲ್ಲಿ ಆತ್ಮವಿಮರ್ಶೆ ತಾನಾಗಿ ಹೆಚ್ಚಿರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಅರ್ಧಸತ್ಯ. ಎರಡನೆಯದಕ್ಕೆ ಆಧಾರ ತೀರ ತೆಳುವಾದುದು.

ಎರಡು ದೇಶಗಳ ನಡುವಿನ ನಿಜವಾದ ವ್ಯತ್ಯಾಸ ಅಭಿಮಾನ ಎಷ್ಟಿದೆ ಎಂಬುದರಲ್ಲಿಲ್ಲ. ದೇಶವನ್ನು ಯಾವುದರ ಪಕ್ಕದಲ್ಲಿಟ್ಟು ಅಳೆಯುತ್ತಾರೆ ಎಂಬುದರಲ್ಲಿದೆ ಎಂದು ತೋರಿಸುವುದು ಈ ಟಿಪ್ಪಣಿಯ ಉದ್ದೇಶ. ಅಮೆರಿಕದ ಅಳತೆಗೋಲು ದೇಶದ ಒಳಗೇ ಇದೆ: 1776ರ ಸ್ವಾತಂತ್ರ್ಯ ಘೋಷಣೆ ಮತ್ತು ಸಂವಿಧಾನ ಕೊಟ್ಟ ಮಾತು. ಇಂಗ್ಲಿಷ್ ಭಾಷಿಕ ಕೆನಡಾದ ಅಳತೆಗೋಲು ಬಹುಮಟ್ಟಿಗೆ ಗಡಿಯಾಚೆ ಇದೆ: ಅಮೆರಿಕ. ವಿಮರ್ಶೆ ಯಾವಾಗ ಹರಿತವಾಗುತ್ತದೆ, ಯಾವಾಗ ಮೊಂಡಾಗುತ್ತದೆ ಎಂಬುದನ್ನು ಈ ವ್ಯತ್ಯಾಸ ಸಾಕಷ್ಟು ಚೆನ್ನಾಗಿ ವಿವರಿಸುತ್ತದೆ.

2. ಸಮೀಕ್ಷೆಗಳ ಸಾಕ್ಷ್ಯ

ಅಂತರರಾಷ್ಟ್ರೀಯ ಸಾಮಾಜಿಕ ಸಮೀಕ್ಷಾ ಕಾರ್ಯಕ್ರಮವು 1995, 2003 ಮತ್ತು 2013ರಲ್ಲಿ ರಾಷ್ಟ್ರೀಯ ಗುರುತಿನ ಬಗ್ಗೆ ಹಲವು ದೇಶಗಳಲ್ಲಿ ಒಂದೇ ಪ್ರಶ್ನಾವಳಿಯನ್ನು ಬಳಸಿತು. ಪ್ರಜಾಪ್ರಭುತ್ವದ ನಡೆ, ಆರ್ಥಿಕ ಸಾಧನೆ, ಸಾಮಾಜಿಕ ಭದ್ರತೆ, ವಿಜ್ಞಾನ, ಕ್ರೀಡೆ, ಸಾಹಿತ್ಯ ಕಲೆ, ಸೇನೆ, ಇತಿಹಾಸ, ಎಲ್ಲ ಗುಂಪುಗಳನ್ನೂ ಸಮಾನವಾಗಿ ಕಾಣುವುದು ಮುಂತಾದ ಒಂದೊಂದು ಬಾಬಿನಲ್ಲೂ ನಿಮಗೆಷ್ಟು ಹೆಮ್ಮೆ ಎಂದು ಅದು ಕೇಳುತ್ತದೆ. 2003ರ ಸುತ್ತಿನ ಅಂಕಿಗಳನ್ನು ವಿಶ್ಲೇಷಿಸಿದ ಟಾಮ್ ಸ್ಮಿತ್ ಮತ್ತು ಸಿಯೋಕ್‌ಹೋ ಕಿಮ್, ಮೂವತ್ತಕ್ಕೂ ಹೆಚ್ಚು ದೇಶಗಳ ಪೈಕಿ ಅಮೆರಿಕ ಮತ್ತು ವೆನೆಜುವೆಲಾ ಮೇಲ್ತುದಿಯಲ್ಲಿವೆ ಎಂದು ಕಂಡುಕೊಂಡರು. ಅದೇ ಪಟ್ಟಿಯ ಮೇಲಿನ ಭಾಗದಲ್ಲಿ ಕೆನಡಾ ಕೂಡ ಇತ್ತು. ಅಂದರೆ ಕೆನಡಾದ ಸಂಕೋಚ ಮಾತಿನ ರೀತಿಗೆ ಸೇರಿದ್ದು, ಭಾವನೆಯ ಪ್ರಮಾಣಕ್ಕಲ್ಲ.

ಎರಡನೆಯ ಹೇಳಿಕೆಯನ್ನು ಪರೀಕ್ಷಿಸಲು ಮನೋವಿಜ್ಞಾನದ ಒಂದು ಅಧ್ಯಯನ ನೆರವಾಗುತ್ತದೆ. ರಾಬರ್ಟ್ ಷಾಟ್ಜ್, ಅರ್ವಿನ್ ಸ್ಟಾಬ್ ಮತ್ತು ಹೋವರ್ಡ್ ಲವೀನ್ 1999ರಲ್ಲಿ ದೇಶಪ್ರೇಮವನ್ನು ಎರಡಾಗಿ ವಿಂಗಡಿಸಿದರು. ಒಂದು, ಪ್ರಶ್ನೆಯನ್ನೇ ಸಹಿಸದ ಕುರುಡು ದೇಶಪ್ರೇಮ. ಇನ್ನೊಂದು, ದೇಶ ತಿದ್ದಿಕೊಳ್ಳಲಿ ಎಂಬ ಆಸೆಯಿಂದ ಟೀಕಿಸುವ ರಚನಾತ್ಮಕ ದೇಶಪ್ರೇಮ. ಇವು ಒಂದೇ ಮಾಪಕದ ಎರಡು ತುದಿಗಳಲ್ಲ, ಬೇರೆ ಬೇರೆ ಆಯಾಮಗಳು ಎಂಬುದು ಅವರ ಮುಖ್ಯ ತೀರ್ಮಾನ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕೆಂದಿಲ್ಲ. ಹಾಗಾದರೆ ಎಷ್ಟು ಹೆಮ್ಮೆ ಎಂಬ ಅಂಕಿಯನ್ನು ಹಿಡಿದು ಎಷ್ಟು ಆತ್ಮವಿಮರ್ಶೆ ಎಂದು ಊಹಿಸುವುದು ಸರಿಯಾದ ವಿಧಾನವಲ್ಲ. ಇದಕ್ಕೆ ಸಮೀಕ್ಷೆಯನ್ನು ಬಿಟ್ಟು ಇತಿಹಾಸದ ಕಡೆಗೆ ತಿರುಗಬೇಕಾಗುತ್ತದೆ.

3. ಕೊಟ್ಟ ಮಾತಿನ ಲೆಕ್ಕ: ಅಮೆರಿಕ

1831-32ರಲ್ಲಿ ಅಮೆರಿಕವನ್ನು ಸುತ್ತಿದ ಫ್ರಾನ್ಸಿನ ಅಲೆಕ್ಸಿ ಡಿ ಟೋಕ್ವಿಲ್, ಅಲ್ಲಿನವರ ದೇಶಪ್ರೇಮ ಬೇಗ ಕೆರಳುವಂಥದ್ದು, ಪರಕೀಯನೊಬ್ಬ ಕೊಂಚ ಟೀಕಿಸಿದರೂ ಅವರಿಗೆ ಸಹಿಸಲಾಗದು ಎಂದು 1835ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ. ಇದನ್ನು ಜಂಬದ ಸಾಕ್ಷಿಯಾಗಿ ಎತ್ತಿ ಹೇಳುವವರು ಆತ ಕೊಟ್ಟ ಕಾರಣವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಲ್ಲಿನ ಪ್ರಜೆ ಆಡಳಿತದಲ್ಲಿ ತಾನೇ ಪಾಲ್ಗೊಳ್ಳುವುದರಿಂದ ದೇಶದ ಮೇಲಿನ ಟೀಕೆ ಅವನಿಗೆ ತನ್ನ ಮೇಲಿನ ಟೀಕೆಯಾಗಿಯೇ ಕೇಳುತ್ತದೆ ಎಂಬುದು ಟೋಕ್ವಿಲ್ ವಿವರಣೆ. ಈ ಒಡೆತನದ ಭಾವಕ್ಕೆ ಇನ್ನೊಂದು ಮಗ್ಗುಲೂ ಇದೆ. ದೇಶ ತನ್ನದೆಂದು ತಿಳಿದವನು ಹೊರಗಿನವರ ಟೀಕೆಗೆ ಸಿಟ್ಟಾಗುತ್ತಾನೆ. ಒಳಗೆ ತಾನೇ ಅದಕ್ಕಿಂತ ಕಟುವಾಗಿ ಜಗಳ ತೆಗೆಯುತ್ತಾನೆ.

ಆ ಜಗಳದ ವ್ಯಾಕರಣ 1776ರ ಘೋಷಣೆಯಲ್ಲಿದೆ. 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಸೇರಿದ ಮಹಿಳಾ ಹಕ್ಕುಗಳ ಸಮಾವೇಶ ತನ್ನ ಬೇಡಿಕೆ ಪತ್ರವನ್ನು ಆ ಘೋಷಣೆಯ ಅಚ್ಚಿನಲ್ಲೇ ಎರಕ ಹೊಯ್ದಿತು. ಇಂಗ್ಲೆಂಡಿನ ದೊರೆಯ ವಿರುದ್ಧವಿದ್ದ ದೂರುಗಳ ಜಾಗದಲ್ಲಿ ಪುರುಷರ ವಿರುದ್ಧದ ದೂರುಗಳು ಬಂದವು. 1852ರ ಜುಲೈ 5ರಂದು ರೋಚೆಸ್ಟರ್‌ನಲ್ಲಿ ಮಾತನಾಡಿದ ಫ್ರೆಡರಿಕ್ ಡಗ್ಲಸ್, ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು, ಮೊದಲು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರ ಧೈರ್ಯವನ್ನು ಮನಸಾರೆ ಹೊಗಳಿದ. ಅನಂತರವೇ ಸ್ವಾತಂತ್ರ್ಯ ದಿನದ ಈ ಹಬ್ಬ ನಿಮ್ಮದು, ನನ್ನದಲ್ಲ ಎಂದ. ಸಂವಿಧಾನ ಗುಲಾಮಗಿರಿಯೊಂದಿಗೆ ಮಾಡಿಕೊಂಡ ಒಪ್ಪಂದವೆಂದು ಸಾರುತ್ತಿದ್ದ ವಿಲಿಯಂ ಲಾಯ್ಡ್ ಗ್ಯಾರಿಸನ್ 1854ರಲ್ಲಿ ಅದರ ಪ್ರತಿಯನ್ನು ಬಹಿರಂಗವಾಗಿ ಸುಟ್ಟ. ಡಗ್ಲಸ್ ಅದೇ ಸಂವಿಧಾನವನ್ನು ಗುಲಾಮಗಿರಿಯ ವಿರುದ್ಧ ಬಳಸಬಹುದಾದ ದಾಖಲೆಯೆಂದು ಓದಿದ. ಮುಂದೆ ಅಮೆರಿಕದ ವಿಮರ್ಶೆಯ ಮುಖ್ಯಧಾರೆ ಹಿಡಿದದ್ದು ಡಗ್ಲಸ್ ದಾರಿಯನ್ನು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ದೇಶ ಬರೆದುಕೊಟ್ಟ ಸಾಲಪತ್ರದ ಹಣವನ್ನು ವಸೂಲು ಮಾಡಲು ಬಂದಿದ್ದೇವೆ ಎಂಬ ರೂಪಕ ಬಳಸಿದ್ದು ಇದೇ ಧಾರೆಯಲ್ಲಿ.

ನ್ಯಾಯಾಲಯಗಳೂ ಇದಕ್ಕೆ ನೆಲೆ ಒದಗಿಸಿದವು. 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆಯೇ, ಶಾಲಾಮಕ್ಕಳು ಬಾವುಟಕ್ಕೆ ವಂದಿಸಬೇಕೆಂದು ಬಲವಂತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೇವಲ ಮೂರು ವರ್ಷದ ಹಿಂದೆ, 1940ರಲ್ಲಿ, ತಾನೇ ಕೊಟ್ಟಿದ್ದ ವಿರುದ್ಧ ತೀರ್ಪನ್ನು ಅದು ಹೀಗೆ ತಿರುಗಿಸಿತು. 1989ರಲ್ಲಿ ಪ್ರತಿಭಟನೆಗಾಗಿ ಬಾವುಟ ಸುಡುವುದಕ್ಕೂ ಸಂವಿಧಾನದ ರಕ್ಷಣೆ ಇದೆ ಎಂದಿತು.

ಈ ಮಾದರಿಯ ದೌರ್ಬಲ್ಯವೂ ಇಲ್ಲಿಂದಲೇ ಹುಟ್ಟುತ್ತದೆ. ಅಳತೆಗೋಲು ಮೂಲಪಠ್ಯವೇ ಆದಾಗ ಆ ಪಠ್ಯಕ್ಕೆ ವಾರಸುದಾರರು ಯಾರು ಎಂಬುದೇ ವಿವಾದವಾಗುತ್ತದೆ. 2019ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಗುಲಾಮರು ವರ್ಜೀನಿಯಾಕ್ಕೆ ಬಂದ 1619ನ್ನು ಕೇಂದ್ರದಲ್ಲಿಟ್ಟು ದೇಶದ ಚರಿತ್ರೆಯನ್ನು ಓದುವ ಲೇಖನಮಾಲೆ ಪ್ರಕಟಿಸಿತು. ಇದಕ್ಕೆ ಎದುರಾಗಿ ಅಧ್ಯಕ್ಷ ಟ್ರಂಪ್ 2020ರಲ್ಲಿ 1776ರ ಹೆಸರಿನ ಆಯೋಗ ರಚಿಸಿದರು. 2021ರ ಜನವರಿ 18ರಂದು ಅದರ ವರದಿ ಬಂತು. ಎರಡೇ ದಿನಕ್ಕೆ ಅಧಿಕಾರ ವಹಿಸಿಕೊಂಡ ಬೈಡನ್ ಆಯೋಗವನ್ನು ರದ್ದು ಮಾಡಿದರು. ದೇಶದ ಹುಟ್ಟುವರ್ಷ ಯಾವುದೆಂಬುದು ಪಕ್ಷದ ಪ್ರಶ್ನೆಯಾದ ಬಗೆ ಇದು. ಗ್ಯಾಲಪ್ ಸಂಸ್ಥೆಯ ಅಂಕಿಗಳಲ್ಲೂ ಇದರ ನೆರಳು ಕಾಣುತ್ತದೆ. ಅಮೆರಿಕನ್ನನಾಗಿರಲು ಅತ್ಯಂತ ಹೆಮ್ಮೆ ಎಂದವರು 2003ರಲ್ಲಿ ಶೇ. 70ರಷ್ಟಿದ್ದರು. 2025ರ ಜೂನ್‌ನಲ್ಲಿ ಅವರು ಶೇ. 41, ತುಂಬ ಹೆಮ್ಮೆ ಎಂದವರನ್ನೂ ಕೂಡಿಸಿದರೆ ಶೇ. 58. ಈ ಸರಾಸರಿಯೊಳಗೆ ರಿಪಬ್ಲಿಕನ್ನರ ಪಾಲು ಶೇ. 92, ಡೆಮಾಕ್ರಟರದು ಶೇ. 36. ಇಷ್ಟು ದೂರ ನಿಂತ ಎರಡು ಗುಂಪುಗಳ ಸರಾಸರಿಯನ್ನು ಒಂದು ರಾಷ್ಟ್ರದ ಮನೋಭಾವವೆಂದು ಕರೆಯುವುದು ಕಷ್ಟ.

4. ನೆರೆಯವನ ಪಕ್ಕದಲ್ಲಿ: ಕೆನಡಾ

ಕೆನಡಾದಲ್ಲಿ 1776ಕ್ಕೆ ಸಮನಾದ ಪಠ್ಯವಿಲ್ಲ. ಅಮೆರಿಕದ ಕ್ರಾಂತಿಯನ್ನು ಒಪ್ಪದೆ ಬ್ರಿಟಿಷ್ ದೊರೆಗೆ ನಿಷ್ಠರಾಗಿ ಉಳಿದು ಉತ್ತರಕ್ಕೆ ವಲಸೆ ಬಂದವರು ಇಂಗ್ಲಿಷ್ ಕೆನಡಾದ ತಳಪಾಯದ ಒಂದು ಭಾಗ. 1867ರ ಜುಲೈ 1ರಂದು ಒಕ್ಕೂಟ ಹುಟ್ಟಿದ್ದು ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಯಿಂದ. ಆ ಕಾಯ್ದೆ ಭರವಸೆ ಕೊಟ್ಟದ್ದು ಶಾಂತಿ, ಸುವ್ಯವಸ್ಥೆ, ಒಳ್ಳೆಯ ಸರ್ಕಾರಗಳನ್ನು, 1776ರ ಘೋಷಣೆಯಲ್ಲಿದ್ದ ಸುಖದ ಅನ್ವೇಷಣೆಯನ್ನಲ್ಲ. ಹಕ್ಕುಗಳ ಸನ್ನದು ಸಂವಿಧಾನದ ಭಾಗವಾದದ್ದು 1982ರಲ್ಲಿ, ಮೇಪಲ್ ಎಲೆಯ ಬಾವುಟ ಹಾರಿದ್ದು 1965ರ ಫೆಬ್ರವರಿ 15ರಂದು. ಸಮಾಜಶಾಸ್ತ್ರಜ್ಞ ಸೀಮೋರ್ ಮಾರ್ಟಿನ್ ಲಿಪ್ಸೆಟ್ ಒಂದೇ ಕ್ರಾಂತಿಯಿಂದ ಎರಡು ದೇಶಗಳು ಹುಟ್ಟಿದವು, ಒಂದು ಕ್ರಾಂತಿಯದು, ಇನ್ನೊಂದು ಅದನ್ನು ನಿರಾಕರಿಸಿದವರದು ಎಂದು ವಾದಿಸಿದ್ದರ ಹಿನ್ನೆಲೆ ಇದು.

ನಿರಾಕರಣೆಯಿಂದ ಶುರುವಾದ ಗುರುತಿಗೆ ಹೋಲಿಕೆ ಅನಿವಾರ್ಯ. ಸಾರ್ವಜನಿಕ ಆರೋಗ್ಯ ವಿಮೆಯ ಜನಕನೆನಿಸಿದ ಟಾಮಿ ಡಗ್ಲಸ್‌ನನ್ನು 2004ರಲ್ಲಿ ಸಿಬಿಸಿ ವೀಕ್ಷಕರು ಸರ್ವಶ್ರೇಷ್ಠ ಕೆನಡಿಯನ್ ಎಂದು ಆರಿಸಿದರು. ಚಿಕಿತ್ಸೆ ಸಿಗುವ ನೆಮ್ಮದಿಯ ಜೊತೆಗೆ, ನೆರೆಯ ಶ್ರೀಮಂತ ದೇಶದಲ್ಲಿ ಆ ವ್ಯವಸ್ಥೆ ಇಲ್ಲ ಎಂಬ ಅರಿವೂ ಈ ಹೆಮ್ಮೆಯ ಭಾಗ. 2000ದಲ್ಲಿ ಮೋಲ್ಸನ್ ಬಿಯರ್‌ನ ಜಾಹೀರಾತೊಂದು ದೇಶದಾದ್ಯಂತ ಜನಪ್ರಿಯವಾಯಿತು. ಯುವಕನೊಬ್ಬ ವೇದಿಕೆಯ ಮೇಲೆ ನಿಂತು ತಾನು ಕೆನಡಿಯನ್ ಎಂದು ಸಾರುತ್ತಾನೆ. ಅವನ ಮಾತಿನ ಬಹುಪಾಲು ಅಮೆರಿಕನ್ನರ ತಪ್ಪು ತಿಳಿವಳಿಕೆಗಳಿಗೆ ಒಂದೊಂದಾಗಿ ಕೊಟ್ಟ ಉತ್ತರ. ಸಂಕೋಚದ ಜನ ಎನಿಸಿಕೊಂಡವರ ಈ ಘೋಷಣೆ ಸಾಕಷ್ಟು ಗಟ್ಟಿಯಾಗಿಯೇ ಇತ್ತು, ಆದರೆ ಕೇಳುಗ ಗಡಿಯಾಚೆ ಇದ್ದ.

ಅಳತೆಗೋಲು ಹೊರಗಿದ್ದಾಗ ತನ್ನ ಬೆನ್ನು ತನಗೆ ಕಾಣದು. ದಕ್ಷಿಣದಿಂದ ಓಡಿಬಂದ ಗುಲಾಮರಿಗೆ ಆಶ್ರಯ ಕೊಟ್ಟ ನಾಡು ಎಂಬುದು ಕೆನಡಾದ ಪಾಠಗಳಲ್ಲಿ ಹೆಮ್ಮೆಯ ಅಧ್ಯಾಯ, ಅದು ನಿಜವೂ ಹೌದು. ಆದರೆ 1834ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಕಾಯ್ದೆ ಜಾರಿಗೆ ಬರುವವರೆಗೆ ಗುಲಾಮಗಿರಿ ಕೆನಡಾದ ನೆಲದಲ್ಲೂ ಕಾನೂನಿನ ಪ್ರಕಾರ ಸಂಪೂರ್ಣ ಕೊನೆಗೊಂಡಿರಲಿಲ್ಲ. 1734ರಲ್ಲಿ ಮಾಂಟ್ರಿಯಲ್‌ನಲ್ಲಿ ಊರಿಗೆ ಬೆಂಕಿಯಿಟ್ಟ ಆರೋಪದ ಮೇಲೆ ಮರಿ ಜೋಸೆಫ್ ಆಂಜೆಲಿಕ್ ಎಂಬ ಗುಲಾಮ ಹೆಣ್ಣನ್ನು ಗಲ್ಲಿಗೇರಿಸಲಾಗಿತ್ತು. 1946ರಲ್ಲಿ ನೋವಾ ಸ್ಕೋಷಿಯಾದ ಚಿತ್ರಮಂದಿರದಲ್ಲಿ ಬಿಳಿಯರ ಭಾಗದಲ್ಲಿ ಕುಳಿತದ್ದಕ್ಕೆ ವಯೋಲಾ ಡೆಸ್ಮಂಡ್ ಬಂಧನಕ್ಕೊಳಗಾದಳು. ಆಕೆಯ ಮುಖ ಹತ್ತು ಡಾಲರ್ ನೋಟಿನ ಮೇಲೆ ಬಂದದ್ದು 2018ರಲ್ಲಿ.

ಹೋಲಿಕೆ ಕೈಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಸೊಮಾಲಿಯಾ ಪ್ರಕರಣ ಸ್ಪಷ್ಟ ಉದಾಹರಣೆ. ಲೆಸ್ಟರ್ ಪಿಯರ್ಸನ್ ಸೂಯೆಜ್ ಬಿಕ್ಕಟ್ಟಿನಲ್ಲಿ ಮಾಡಿದ ಕೆಲಸಕ್ಕೆ 1957ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಂದಿನಿಂದ, ಅಮೆರಿಕ ಯುದ್ಧ ಮಾಡುತ್ತದೆ, ನಾವು ಶಾಂತಿ ಕಾಯುತ್ತೇವೆ ಎಂಬ ನಂಬಿಕೆ ಬೇರೂರಿತ್ತು. 1993ರ ಮಾರ್ಚ್‌ನಲ್ಲಿ ಸೊಮಾಲಿಯಾಕ್ಕೆ ಹೋಗಿದ್ದ ಕೆನಡಾ ಭೂಸೇನೆಯ ಪ್ಯಾರಾಟ್ರೂಪರ್ ತುಕಡಿಯ ಸೈನಿಕರು ಶಿದಾನೆ ಅರೋನೆ ಎಂಬ ಸೊಮಾಲಿ ಹುಡುಗನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. 1995ರಲ್ಲಿ ಆ ಇಡೀ ತುಕಡಿಯನ್ನೇ ವಿಸರ್ಜಿಸಲಾಯಿತು. ಶಿಕ್ಷೆಯ ತೀವ್ರತೆಗೆ ಅಪರಾಧದಷ್ಟೇ ದೇಶದ ಸ್ವಚಿತ್ರಕ್ಕೆ ಬಿದ್ದ ಪೆಟ್ಟೂ ಕಾರಣವೆಂದು ಓದಲು ಅವಕಾಶವಿದೆ. ಈ ಪ್ರಕರಣಕ್ಕಾಗಿ ನೇಮಿಸಿದ ವಿಚಾರಣಾ ಆಯೋಗವನ್ನು ಮಾತ್ರ ಸರ್ಕಾರ 1997ರಲ್ಲಿ ಕೆಲಸ ಪೂರ್ತಿಯಾಗುವ ಮೊದಲೇ ಮುಗಿಸಿತು. ವಿದ್ವಾಂಸೆ ಶೆರೀನ್ ರಜಾಕ್ 2004ರ ತಮ್ಮ ಪುಸ್ತಕದಲ್ಲಿ ಈ ಶಾಂತಿಪಾಲಕ ಸ್ವಚಿತ್ರವನ್ನೇ ವರ್ಣಭೇದದ ನೆಲೆಯಿಂದ ಪ್ರಶ್ನಿಸಿದರು.

5. ಮೊದಲ ಪರೀಕ್ಷೆ: 1988

ಎರಡೂ ದೇಶಗಳು ಒಂದೇ ತಪ್ಪು ಮಾಡಿ, ಒಂದೇ ವರ್ಷ ಪರಿಹಾರ ಕೊಟ್ಟ ಪ್ರಕರಣ ಹೋಲಿಕೆಗೆ ಅನುಕೂಲ. 1942ರಲ್ಲಿ ಅಮೆರಿಕ ಸುಮಾರು 1,20,000 ಜಪಾನಿ ಮೂಲದವರನ್ನೂ, ಕೆನಡಾ ಸುಮಾರು 22,000 ಮಂದಿಯನ್ನೂ ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ಒಳನಾಡಿಗೆ ಸಾಗಿಸಿದವು. ಎರಡೂ ಕಡೆ ಇವರಲ್ಲಿ ಬಹುಪಾಲು ಜನ ಆಯಾ ದೇಶದ ಪ್ರಜೆಗಳೇ. ಕೆನಡಾದ ಕ್ರಮ ಹೆಚ್ಚು ಕಠೋರ. ಅಲ್ಲಿ ಸರ್ಕಾರವೇ ಅವರ ಮನೆ, ದೋಣಿ, ಜಮೀನುಗಳನ್ನು ಮಾರಿತು. ಅಮೆರಿಕದಲ್ಲಿ 1945ರಲ್ಲಿ ಕರಾವಳಿಗೆ ಮರಳಲು ಅನುಮತಿ ಸಿಕ್ಕರೆ, ಕೆನಡಾದಲ್ಲಿ 1949ರ ಏಪ್ರಿಲ್ 1ರವರೆಗೂ ಸಿಗಲಿಲ್ಲ.

ಪರಿಹಾರದ ದಾರಿಗಳು ಬೇರೆ. ಅಮೆರಿಕದಲ್ಲಿ 1980ರಲ್ಲಿ ಸಂಸತ್ತೇ ನೇಮಿಸಿದ ಆಯೋಗ, ಜನಾಂಗ ದ್ವೇಷ, ಯುದ್ಧದ ಉನ್ಮಾದ, ರಾಜಕೀಯ ನಾಯಕತ್ವದ ಸೋಲು ಈ ಮೂರು ಕಾರಣಗಳನ್ನು ಹೆಸರಿಸಿತು. 1944ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದ್ದ ಫ್ರೆಡ್ ಕೊರೆಮಾಟ್ಸು ಮೇಲಿನ ಶಿಕ್ಷೆಯನ್ನು 1983ರಲ್ಲಿ ಫೆಡರಲ್ ನ್ಯಾಯಾಲಯ ಅಳಿಸಿತು. 1988ರ ಆಗಸ್ಟ್ 10ರಂದು ರೇಗನ್ ಸಹಿ ಹಾಕಿದ ಕಾಯ್ದೆ, ಬದುಕುಳಿದ ಪ್ರತಿಯೊಬ್ಬರಿಗೆ 20,000 ಡಾಲರ್ ಕೊಟ್ಟಿತು. ವಾದ ಉದ್ದಕ್ಕೂ ಸಂವಿಧಾನದ ಮಾತನ್ನು ಮುರಿದಿರಿ ಎಂಬುದೇ.

ಕೆನಡಾದಲ್ಲಿ ಪ್ರಧಾನಿ ಬ್ರಯನ್ ಮುಲ್ರೋನಿ ಸರ್ಕಾರ ಅದೇ ವರ್ಷ ಸೆಪ್ಟೆಂಬರ್ 22ರಂದು, ಆರು ವಾರಗಳ ಅಂತರದಲ್ಲಿ, ಸಂಸತ್ತಿನಲ್ಲಿ ಕ್ಷಮೆ ಕೇಳಿ ತಲಾ 21,000 ಕೆನಡಿಯನ್ ಡಾಲರ್ ಘೋಷಿಸಿತು. ಜಪಾನಿ ಕೆನಡಿಯನ್ನರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ್ದವು, ಆ ಶ್ರಮವೇ ಮೂಲ. ಆದರೆ ಒಪ್ಪಂದದ ಸಮಯವನ್ನೂ ಮೊತ್ತವನ್ನೂ ಒಟ್ಟಿಗಿಟ್ಟು ನೋಡಿದಾಗ ನೆರೆಯ ನಿರ್ಧಾರದ ಒತ್ತಡವನ್ನು ತಳ್ಳಿಹಾಕಲಾಗದು. ಅಮೆರಿಕಕ್ಕಿಂತ ಹಿಂದೆ ಬೀಳುವುದು ಕೆನಡಾಕ್ಕೆ ಸಹಿಸಲಾಗದ ಸ್ಥಿತಿ. ಇಲ್ಲಿ ಹೊರಗಿನ ಅಳತೆಗೋಲು ಒಳ್ಳೆಯ ಕೆಲಸವನ್ನೇ ಮಾಡಿತು.

6. ಎರಡನೆಯ ಪರೀಕ್ಷೆ: 2008-09

2008ರ ಜೂನ್ 11ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳಿಗಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಸುಮಾರು 1,50,000 ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದ ವ್ಯವಸ್ಥೆ ಅದು. ಮೂಲನಿವಾಸಿ ನಾಯಕರು ಸದನದೊಳಗೇ ಕುಳಿತಿದ್ದರು, ದೇಶ ಟಿವಿಯಲ್ಲಿ ನೋಡಿತು. ಮೂಲನಿವಾಸಿಗಳಿಗೆ ಅಮೆರಿಕದ ಕ್ಷಮೆ 2009ರ ಡಿಸೆಂಬರ್ 19ರಂದು ಒಬಾಮ ಸಹಿ ಹಾಕಿದ ರಕ್ಷಣಾ ವೆಚ್ಚದ ಮಸೂದೆಯ ಒಂದು ಕಲಮಾಗಿ ಬಂತು. ಇದನ್ನು ಹಿಡಿದು ಸರ್ಕಾರದ ಮೇಲೆ ಯಾರೂ ಹಕ್ಕು ಸಾಧಿಸುವಂತಿಲ್ಲ ಎಂಬ ಷರತ್ತೂ ಅದರಲ್ಲಿತ್ತು. ಅಮೆರಿಕದ ಅಧ್ಯಕ್ಷರೊಬ್ಬರು ಮೂಲನಿವಾಸಿಗಳ ವಸತಿ ಶಾಲೆಗಳಿಗಾಗಿ ಅವರ ನಡುವೆ ನಿಂತು ಕ್ಷಮೆ ಕೇಳಿದ್ದು 2024ರ ಅಕ್ಟೋಬರ್ 25ರಂದು, ಅರಿಜೋನಾದಲ್ಲಿ.

ಮೇಲ್ನೋಟಕ್ಕೆ ಇದು ಕೆನಡಾದ ಆತ್ಮವಿಮರ್ಶೆಯ ಗೆಲುವು. ಆದರೆ 2009ರ ಸೆಪ್ಟೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಜಿ-20 ಸಭೆಯಲ್ಲಿ ಅದೇ ಹಾರ್ಪರ್ ಕೆನಡಾಕ್ಕೆ ವಸಾಹತುಶಾಹಿಯ ಚರಿತ್ರೆಯೇ ಇಲ್ಲ ಎಂದರು. ಮಹಾಶಕ್ತಿಗಳಲ್ಲಿ ಜನ ಮೆಚ್ಚುವ ಗುಣಗಳು ನಮ್ಮಲ್ಲಿವೆ, ಅಂಜಿಸುವ ಗುಣಗಳಿಲ್ಲ ಎಂಬುದು ಆ ಮಾತಿನ ಸಂದರ್ಭ. ಸದನದಲ್ಲಿ ಮೂಲನಿವಾಸಿಗಳ ಎದುರು ನಿಂತಾಗ ಕಂಡ ಚರಿತ್ರೆ, ಅಮೆರಿಕದ ನೆಲದಲ್ಲಿ ಹೋಲಿಕೆಗೆ ನಿಂತಾಗ ಮರೆಯಾಯಿತು. ಒಬ್ಬನೇ ವ್ಯಕ್ತಿಯ ಎರಡು ಮಾತುಗಳ ನಡುವೆ ಬದಲಾದದ್ದು ಅಳತೆಗೋಲು.

ಕ್ಷಮೆಯ ಸ್ಥಳಕ್ಕೆ ಎಷ್ಟು ತೂಕವಿದೆ ಎಂಬುದನ್ನು ಭಾರತಕ್ಕೆ ಸಂಬಂಧಿಸಿದ ಒಂದು ಘಟನೆ ತೋರಿಸುತ್ತದೆ. 1914ರಲ್ಲಿ ಕೊಮಗಾತಾ ಮಾರು ಹಡಗಿನಲ್ಲಿ ಬಂದ 376 ಪ್ರಯಾಣಿಕರನ್ನು, ಬಹುತೇಕ ಪಂಜಾಬಿನವರನ್ನು, ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ತಡೆದು, ಬಹುತೇಕ ಎಲ್ಲರನ್ನೂ ಹಿಂದಕ್ಕೆ ಕಳಿಸಲಾಯಿತು. ಬ್ರಿಟಿಷ್ ಪ್ರಜೆಗಳು ಸಾಮ್ರಾಜ್ಯದ ಇನ್ನೊಂದು ಭಾಗಕ್ಕೆ ಬಂದರೂ ಪ್ರವೇಶವಿರಲಿಲ್ಲ. 2008ರಲ್ಲಿ ಹಾರ್ಪರ್ ಸರ್ರೆಯ ಉದ್ಯಾನವೊಂದರಲ್ಲಿ ಕ್ಷಮೆ ಕೇಳಿದಾಗ ಸಮುದಾಯದ ಹಲವರು ಅದನ್ನು ಒಪ್ಪಲಿಲ್ಲ. ಸಂಸತ್ತಿನಲ್ಲೇ ಹೇಳಬೇಕು ಎಂದರು. 2016ರ ಮೇ 18ರಂದು ಜಸ್ಟಿನ್ ಟ್ರುಡೊ ಅಲ್ಲಿ ಹೇಳಿದರು. ಕ್ಷಮೆ ಕೆನಡಾದಲ್ಲಿ ರಾಷ್ಟ್ರೀಯ ವಿಧಿಯೇ ಆಗಿದೆ. ವಿಧಿ ಸರಿಯಾಗಿ ನಡೆದಾಗ ಅದು ಹೊಸ ಅಭಿಮಾನಕ್ಕೂ ಕಾರಣವಾಗುತ್ತದೆ: ತಪ್ಪು ಒಪ್ಪಿಕೊಳ್ಳುವ ದೇಶ ನಮ್ಮದು.

7. ಆಕ್ಷೇಪಗಳು

ಈ ವಿಂಗಡಣೆಯ ಮೇಲೆ ಎರಡು ಗಂಭೀರ ಆಕ್ಷೇಪಗಳಿವೆ. ಮೊದಲನೆಯದು ಕ್ವಿಬೆಕ್. ಅಲ್ಲಿನ ಫ್ರೆಂಚ್ ಭಾಷಿಕರ ಅಭಿಮಾನದ ಕೇಂದ್ರ ಬಹಳ ಮಟ್ಟಿಗೆ ಕ್ವಿಬೆಕ್ಕೇ. ಅವರು ಹೋಲಿಸಿಕೊಳ್ಳುವುದು ಮೊದಲು ಇಂಗ್ಲಿಷ್ ಕೆನಡಾದೊಂದಿಗೆ, ಆಮೇಲೆ ಅಮೆರಿಕದೊಂದಿಗೆ. 1995ರ ಜನಮತಗಣನೆಯಲ್ಲಿ ಪ್ರತ್ಯೇಕತೆ ಸೋತದ್ದು ಶೇ. 50.58ಕ್ಕೆ ಎದುರಾಗಿ 49.42ರಿಂದ. ಹಾಗಾಗಿ ಇಲ್ಲಿ ಕೆನಡಾ ಎಂದದ್ದನ್ನು ಇಂಗ್ಲಿಷ್ ಕೆನಡಾ ಎಂದೇ ಓದಬೇಕು.

ಎರಡನೆಯದು ಎಡ್ವರ್ಡ್ ಗ್ರಾಬ್ ಮತ್ತು ಜೇಮ್ಸ್ ಕರ್ಟಿಸ್ 2005ರಲ್ಲಿ ಎತ್ತಿದ್ದು. ಎರಡು ದೇಶಗಳ ಬದಲು ನಾಲ್ಕು ಸಮಾಜಗಳಿವೆ ಎಂಬುದು ಅವರ ವಾದ: ಕ್ವಿಬೆಕ್, ಉಳಿದ ಕೆನಡಾ, ಅಮೆರಿಕದ ಉತ್ತರ, ಅಮೆರಿಕದ ದಕ್ಷಿಣ. ಮೌಲ್ಯಗಳ ವಿಷಯದಲ್ಲಿ ಈ ವಾದ ಲಿಪ್ಸೆಟ್ ಚಿತ್ರಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಅಳತೆಗೋಲಿನ ವಿಷಯದಲ್ಲಿ ಹಾಗಲ್ಲ. ಅಮೆರಿಕದ ದಕ್ಷಿಣದವನೂ ಉತ್ತರದವನೂ ಜಗಳವಾಡುವುದು ಅದೇ ಸಂವಿಧಾನವನ್ನು ಮುಂದಿಟ್ಟುಕೊಂಡು.

8. 2021ರಿಂದ 2025ಕ್ಕೆ

2021ರ ಮೇ ತಿಂಗಳಲ್ಲಿ ಕಾಮ್‌ಲೂಪ್ಸ್‌ನ ಹಳೆಯ ವಸತಿ ಶಾಲೆಯ ಆವರಣದಲ್ಲಿ ಗುರುತಿಲ್ಲದ ಗೋರಿಗಳಿರಬಹುದೆಂದು ರಾಡಾರ್ ಶೋಧ ಸೂಚಿಸಿದಾಗ, ಫೆಡರಲ್ ಕಟ್ಟಡಗಳ ಬಾವುಟಗಳು ಮೇ 30ರಿಂದ ನವೆಂಬರ್ 7ರವರೆಗೆ ಅರ್ಧಕ್ಕೆ ಇಳಿದಿದ್ದವು. ಆ ವರ್ಷದ ಜುಲೈ 1ರ ಕೆನಡಾ ದಿನದ ಆಚರಣೆಯನ್ನು ವಿಕ್ಟೋರಿಯಾದಂಥ ಊರುಗಳು ಕೈಬಿಟ್ಟವು. ಅಪರೂಪಕ್ಕೆ ಅಮೆರಿಕದ ಹೋಲಿಕೆ ಚರ್ಚೆಯಿಂದ ಹಿಂದೆ ಸರಿದು, ವಸತಿ ಶಾಲೆಗಳ ಕುರಿತ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ ಕೊಟ್ಟ 94 ಶಿಫಾರಸುಗಳು ಅಳತೆಗೋಲಾಗಿದ್ದವು. ಕೆನಡಾಕ್ಕೂ ಒಂದು ಒಳಗಿನ ಪಠ್ಯ ಸಿಕ್ಕಿತ್ತು.

2025ರ ಆರಂಭದಲ್ಲಿ ಕೆನಡಾ ಅಮೆರಿಕದ 51ನೆಯ ರಾಜ್ಯವಾಗಲಿ ಎಂದು ಟ್ರಂಪ್ ಮತ್ತೆ ಮತ್ತೆ ಹೇಳತೊಡಗಿದಾಗ ನೆರೆಯವನು ಕೇಂದ್ರಕ್ಕೆ ಮರಳಿದ. ದೇಶದೊಂದಿಗೆ ಆಳವಾದ ಭಾವನಾತ್ಮಕ ನಂಟಿದೆ ಎಂದವರ ಪಾಲು 2024ರ ಡಿಸೆಂಬರ್‌ನಲ್ಲಿ ಶೇ. 49 ಇದ್ದದ್ದು 2025ರ ಫೆಬ್ರವರಿಯಲ್ಲಿ ಶೇ. 59ಕ್ಕೆ ಏರಿತೆಂದು ಆಂಗಸ್ ರೀಡ್ ಸಂಸ್ಥೆ ದಾಖಲಿಸಿತು. ಈ ಎರಡು ತಿಂಗಳಲ್ಲಿ ಕೆನಡಾದ ಆಸ್ಪತ್ರೆ, ಮನೆಬೆಲೆ, ಮೂಲನಿವಾಸಿಗಳ ಮೀಸಲು ಪ್ರದೇಶಗಳ ಕುಡಿಯುವ ನೀರು ಯಾವುದೂ ಸುಧಾರಿಸಿರಲಿಲ್ಲ. ಹತ್ತು ಅಂಶಗಳ ಏರಿಕೆಗೆ ಕಾರಣ ಹೊರಗಿತ್ತು. ಅದೇ ವರ್ಷ ಅಮೆರಿಕದ ಅಂಕಿ ಕುಸಿದದ್ದಕ್ಕೆ ಕಾರಣ ಒಳಗಿತ್ತು. ಎರಡು ಮಾದರಿಗಳ ವ್ಯತ್ಯಾಸ ಇಷ್ಟು ನಿಚ್ಚಳವಾಗಿ ಒಂದೇ ವರ್ಷದಲ್ಲಿ ಕಾಣಸಿಗುವುದು ವಿರಳ.

9. ಫಲಿತ

ಮೇಲಿನ ಸಾಕ್ಷ್ಯಗಳಿಂದ ಮೂರು ಮಾತು ಹೇಳಬಹುದು. ಒಂದು, ಎರಡೂ ದೇಶಗಳಲ್ಲಿ ಗಟ್ಟಿಯಾಗಿ ನಿಂತ ಆತ್ಮವಿಮರ್ಶೆ ಅಭಿಮಾನದ ವಿರೋಧಿಯಾಗಿ ಬಂದದ್ದಲ್ಲ, ಅದರ ಒಳಗಿನಿಂದಲೇ ಬಂದದ್ದು. ಎರಡು, ಅಮೆರಿಕದ ವಿಮರ್ಶೆ ಕೊಟ್ಟ ಮಾತಿನ ಲೆಕ್ಕ ಕೇಳುವುದರಿಂದ ಹರಿತವಾಗಿರುತ್ತದೆ. ಮಾತಿನ ವಾರಸುದಾರಿಕೆಗೇ ಜಗಳ ಬಿದ್ದಾಗ ದೇಶವನ್ನು ಇಬ್ಭಾಗ ಮಾಡುತ್ತದೆ. ಮೂರು, ಕೆನಡಾದ ವಿಮರ್ಶೆ ನೆರೆಯವನಿಗಿಂತ ಮೇಲು ಎಂಬ ಆಸೆಯಿಂದ ವೇಗ ಪಡೆಯುತ್ತದೆ. ನೆರೆಯವನಿಗಿಂತ ಮೇಲು ಎಂಬ ಸಮಾಧಾನದಲ್ಲಿ ನಿಂತೂಬಿಡುತ್ತದೆ.

ವಿಧಾನದ ಬಗ್ಗೆ ಒಂದು ಸಲಹೆ. ನಿಮಗೆ ನಿಮ್ಮ ದೇಶದ ಬಗ್ಗೆ ಎಷ್ಟು ಹೆಮ್ಮೆ ಎಂದು ಕೇಳುವ ಸಮೀಕ್ಷೆಗಳು, ಯಾವುದಕ್ಕೆ ಹೋಲಿಸಿ ಎಂಬ ಪ್ರಶ್ನೆಯನ್ನೂ ಅದರ ಹಿಂದೆಯೇ ಕೇಳಬೇಕು. ಆಗ ಕೆನಡಾದ ಶೇ. 59ರೊಳಗೆ ತನ್ನ ದೇಶದ ಸಾಧನೆಗೆ ಹೆಮ್ಮೆಪಟ್ಟವರೆಷ್ಟು, ಬೇರೆ ದೇಶದ ವರ್ತನೆಗೆ ಉತ್ತರ ಕೊಟ್ಟವರೆಷ್ಟು ಎಂದು ಬೇರ್ಪಡಿಸಬಹುದು. ಬೆದರಿಕೆ ತಗ್ಗಿದ ಮೇಲೂ ಉಳಿಯುವುದು ಮೊದಲ ಬಗೆಯ ಹೆಮ್ಮೆ. 94 ಶಿಫಾರಸುಗಳ ಲೆಕ್ಕ ಕೇಳುವ ಶಕ್ತಿಯೂ ಅದಕ್ಕೇ ಇದೆ.